ತೆರೆದ ಕುಣಿ

ಕಪಾಟಿನಲ್ಲಿ ಬಹುಕಾಲದಿಂದ ಮಡಿಚಿಟ್ಟಿದ್ದ ಇಳಕಲ್ ಸೀರೆಯೊಂದನ್ನು ಮೊನ್ನೆ ಬಿಚ್ಚಿದೆ. ನೂಲಿಗೆ ಹಾಕಿದ ಗಂಜಿಯ ಹುಳಿವಾಸನೆ ಅದರ ಮಡಿಕೆಗಳಲ್ಲಿ ಇನ್ನೂ ಉಳಿದಿತ್ತು. ನೀವು ಆ ಊರಿನವರಲ್ಲದಿದ್ದರೆ ಆ ವಾಸನೆ ನಿಮಗೆ ಏನನ್ನೂ ಹೇಳಲಾರದು. ನನಗೆ ಮಾತ್ರ ಅದು ಒಬ್ಬ ಹೆಂಗಸನ್ನೂ ಆಕೆಯ ಬೆಕ್ಕನ್ನೂ ತಂದು ಎದುರಿಗೆ ಕೂರಿಸುತ್ತದೆ. ಇಬ್ಬರಲ್ಲಿ ಯಾರ ಮೇಲೆ ನನಗೆ ಹೆಚ್ಚು ಹೊಟ್ಟೆಕಿಚ್ಚಿತ್ತು ಎಂದು ಕೇಳಿದರೆ ಥಟ್ಟನೆ ಹೇಳುವುದು ಕಷ್ಟ.

ಆ ಹೆಂಗಸು ನನ್ನ ಗಂಡನ ಅಕ್ಕ, ಗಂಗವ್ವ. ಮಕ್ಕಳಾಗಲಿಲ್ಲವೆಂಬ ಕಾರಣಕ್ಕೆ ಗಂಡನ ಮನೆಯವರು ಆಕೆಯನ್ನು ತವರಿಗೆ ಕಳುಹಿಸಿದ್ದರು. ಗಂಡನನ್ನು ಮಾತ್ರ ಯಾರೂ ಯಾವ ವೈದ್ಯರ ಮುಂದೆಯೂ ನಿಲ್ಲಿಸಿರಲಿಲ್ಲ. ಇದು ಅನ್ಯಾಯವೆಂದು ನಾನು ಮದುವೆಯಾಗಿ ಬಂದ ಹೊಸದರಲ್ಲೇ ಊಟಕ್ಕೆ ಕುಳಿತವರೆಲ್ಲರ ಎದುರು ಹೇಳಿದೆ. ತವರಿನ ಮಗ್ಗದಲ್ಲಿ ಆಕೆ ತಮ್ಮನಿಗೆ ಸರಿಸಮವಾಗಿ ನೇಯ್ದರೂ ‘ನೇಕಾರ’ ಎಂಬ ಹೆಸರು ತಮ್ಮನಿಗೆ ಮಾತ್ರ ಸಲ್ಲುತ್ತಿತ್ತು, ಅದೂ ಅನ್ಯಾಯವೆಂದೆ. ನಾನು ಓದಿದ್ದು ಬಾದಾಮಿಯ ಕಡೆಯ ಒಂದು ವಸತಿ ಶಾಲೆಯಲ್ಲಿ. ಅಲ್ಲಿ ಪಾಯಖಾನೆ ತೊಳೆಯುವುದನ್ನೂ, ತಪ್ಪು ಕಂಡಲ್ಲಿ ಅದನ್ನು ಹೆಸರಿಟ್ಟು ಕರೆಯುವುದನ್ನೂ ಒಂದೇ ಶ್ರದ್ಧೆಯಿಂದ ಕಲಿಸುತ್ತಿದ್ದರು. ಗಂಗವ್ವ ನನ್ನ ತಾಟಿನತ್ತ ನೋಡಿ, “ಊಟಾ ಮಾಡು ತಂಗಿ. ಅನ್ಯಾಯ ಎಲ್ಲಿ ಹೋಗತೈತಿ, ಇಲ್ಲೇ ಇರತೈತಿ. ರೊಟ್ಟಿ ಆರತೈತಿ ನೋಡು” ಎಂದಳು. ಎಲ್ಲರೂ ನಕ್ಕರು. ಆಕೆಯ ಪರವಾಗಿ ನಾನು ಹೂಡಿದ ಮೊದಲ ಹೋರಾಟ ಹೀಗೆ ಆಕೆಯಿಂದಲೇ ಮುಗಿಯಿತು.

ನಾನು ಊರಿನ ಕನ್ನಡ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ನಮ್ಮ ಕಡೆ ಶಿಕ್ಷಕಿಯನ್ನು ‘ಅಕ್ಕೋರು’ ಎನ್ನುತ್ತಾರೆ. ಗಂಗವ್ವ ಓಣಿಗೆಲ್ಲ ಬರೀ ‘ಅಕ್ಕ’. ಗೌರವದ ಬಹುವಚನ ನನ್ನ ಪಾಲಿಗೆ ಬಂದಿತ್ತು; ಉಳಿದದ್ದೆಲ್ಲ ಆ ಏಕವಚನದ ಪಾಲಾಗಿತ್ತು. ನನ್ನನ್ನು ಕಂಡರೆ ಹೆಂಗಸರು ಎದ್ದು ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಆಕೆಯನ್ನು ಕಂಡರೆ ಕೂತಲ್ಲೇ ಸರಿದು ಪಕ್ಕದಲ್ಲಿ ಜಾಗ ಕೊಡುತ್ತಿದ್ದರು. ಇವೆರಡರಲ್ಲಿ ನನಗೆ ಯಾವುದು ಬೇಕಿತ್ತೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟನ್ನಾದರೂ ಸಹಿಸಬಹುದಿತ್ತು. ಎಪ್ಪತ್ತರ ದಶಕದ ಕೊನೆಗೆ ನನ್ನ ಮಗಳು ಸುಮಿ ನಡೆಯಲು, ಮಾತಾಡಲು ಕಲಿತಳು. ನಾನು ಶಾಲೆಗೆ ಹೋದ ಮೇಲೆ ಅವಳ ಹಗಲೆಲ್ಲ ಕಳೆಯುತ್ತಿದ್ದುದು ಅಕ್ಕನ ಮಗ್ಗದ ಬಳಿಯಲ್ಲಿ. ಇಳಕಲ್ಲಿನ ಹಳೆಯ ಮನೆಗಳಲ್ಲಿ ಮಗ್ಗವನ್ನು ನೆಲದ ಮಟ್ಟಕ್ಕೆ ಹೂಡಿರುತ್ತಾರೆ. ನೇಯುವವರು ನೆಲದ ಮೇಲೆ ಕುಳಿತು, ಮುಂದೆ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಮಣೆಗಳನ್ನು ತುಳಿಯುತ್ತಾರೆ. ನೂಲು ಒಣಗಿ ಹರಿಯದಿರಲೆಂದು ಸುತ್ತ ನೀರು ಚಿಮುಕಿಸುವುದರಿಂದ ಕುಣಿಯ ಮಣ್ಣು ಬೇಸಿಗೆಯಲ್ಲೂ ತಂಪಾಗಿ, ಮೆತ್ತಗೆ ಇರುತ್ತದೆ. ಕೆಲಸ ನಿಂತಾಗ ಸುಮಿಗೆ ಅದೇ ಆಟದ ಮನೆ, ಬೆಕ್ಕಿಗೂ ಅದೇ. ಗಂಜಿಯ ಆಸೆಗೆ ನೂಲು ಕಡಿಯುವ ಇಲಿಗಳ ಕಾವಲಿಗೆಂದು ಅಕ್ಕ ಸಾಕಿದ್ದ ಆ ಬೂದುಬಣ್ಣದ ಬೆಕ್ಕು ಮಗುವಿನ ತೊಡೆಯ ಮೇಲೆ ಮಲಗುತ್ತಿತ್ತು. ಮಗು ಅಕ್ಕನ ತೊಡೆಯ ಮೇಲೆ ಮಲಗುತ್ತಿತ್ತು. ಸಂಜೆ ನಾನು ಬಂದು ಕೈಚಾಚಿದರೆ ಸುಮಿ, “ನೀ ಆಮ್ಯಾಲೆ ಬಾ” ಎನ್ನುತ್ತಿದ್ದಳು. ಬೆಕ್ಕು ಕಣ್ಣನ್ನೂ ತೆರೆಯುತ್ತಿರಲಿಲ್ಲ.

ಒಂದು ಮಳೆಗಾಲದಲ್ಲಿ ಸುಮಿ ಕಾಲು ಕೆರೆದುಕೊಳ್ಳತೊಡಗಿದಳು. ಅಂಗಾಲಿನ ಅಂಚಿನಿಂದ ಹಿಮ್ಮಡಿಯತ್ತ ಕೆಂಪು ಗೆರೆಯೊಂದು ಹಾವಿನಂತೆ ಬಳುಕಿಕೊಂಡು ಹೊರಟಿತ್ತು; ಇಂದು ಕಂಡಲ್ಲಿಂದ ನಾಳೆಗೆ ಒಂದಿಷ್ಟು ಮುಂದೆ ಸಾಗುತ್ತಿತ್ತು. ಓಣಿಯವರು ನೋಡಿದ್ದೇ ತಡ, “ಸರ್ಪಸುತ್ತು” ಎಂದರು. ಅಕ್ಕ ಕೆಮ್ಮಣ್ಣು ಕಲಸಿ ಗೆರೆಯ ಸುತ್ತ ಬಳಿದಳು. ತಲೆ-ಬಾಲ ಕೂಡಿದರೆ ಅಪಾಯವೆಂದು ಎಲ್ಲರೂ ಮಗುವಿನ ಕಾಲನ್ನು ಬಗ್ಗಿ ಬಗ್ಗಿ ನೋಡಿದರು. ಪಕ್ಕದ ಮನೆಯ ನೇಕಾರ ಸಂಗಪ್ಪ ತನ್ನ ಪಾದ ಎತ್ತಿ, “ನನಗೂ ಹೋದ ವರ್ಷ ಆಗಿತ್ತು. ತಾನಾಗೇ ಬಂದಿತ್ತು, ತಾನಾಗೇ ಹೋತು. ಸರ್ಪಕ್ಕೂ ನನ್ನ ಕಾಲಿನ ವಾಸನಿ ತಡಕೊಳ್ಳಾಕ ಆಗಲಿಲ್ಲ” ಎಂದ.

ಸುಮಿಯನ್ನು ಎತ್ತಿಕೊಂಡು ನಾನು ಹುನಗುಂದದ ಬಸ್ಸು ಹತ್ತಿದೆ. ಅಲ್ಲಿನ ವೈದ್ಯರು ಕೆಮ್ಮಣ್ಣನ್ನು ಒರೆಸಿ ನೋಡಿ, “ಮನ್ಯಾಗ ನಾಯಿ, ಬೆಕ್ಕು ಏನರ ಸಾಕೀರೇನ್ರಿ?” ಎಂದು ಕೇಳಿದರು. ಆ ಪ್ರಶ್ನೆ ನನ್ನ ಕಿವಿಗೆ ತೀರ್ಪಿನಂತೆ ಕೇಳಿಸಿತು. ಬೆಕ್ಕಿನ ಕರುಳಿನಲ್ಲಿ ಕೊಕ್ಕೆಹುಳು ಇರುತ್ತದೆ, ಬೆಕ್ಕು ಮಲವಿಟ್ಟ ಹಸಿ ಮಣ್ಣಿನಲ್ಲಿ ಅದರ ಮರಿಗಳಾಗುತ್ತವೆ, ಬರಿಗಾಲು ಸೋಕಿದರೆ ಅವು ಚರ್ಮದೊಳಗೆ ನುಗ್ಗಿ ದಾರಿ ತಪ್ಪಿದಂತೆ ಹರಿದಾಡುತ್ತವೆ ಎಂದು ಅವರು ವಿವರಿಸಿದರು. “ಹಾಗಾದರೆ ಮಗುವನ್ನು ಆ ಮಗ್ಗದಿಂದ, ಆ ಬೆಕ್ಕಿನಿಂದ, ಆ...” ಎನ್ನುತ್ತಿದ್ದ ನನ್ನನ್ನು ಅವರು ಅಲ್ಲಿಗೇ ತಡೆದರು. “ಯಾರನ್ನೂ ಬಿಡಿಸೂದು ಬ್ಯಾಡ್ರಿ. ಬೆಕ್ಕಿಗೆ ದನದ ದವಾಖಾನಿಯಿಂದ ಹುಳದ ಔಷಧ ಹಾಕಸ್ರಿ. ಅದಕ್ಕ ಬ್ಯಾರೆ ಕಡೆ ಒಂದು ಬುಟ್ಟಿ ಉಸುಕು ಇಡ್ರಿ, ದಿನಾ ತಗದು ಚೆಲ್ರಿ. ಕೆಲಸಾ ಇಲ್ಲದಾಗ ಕುಣಿ ಮುಚ್ಚಿಡ್ರಿ. ಬೆಕ್ಕು ಮುಟ್ಟಿದ ಮ್ಯಾಲೆ ಕೂಸು ಕೈ ತೊಳೀಲಿ. ಇಷ್ಟು ಸಾಕು.” ಮಗುವಿಗೆ ಮುಲಾಮು ಬರೆದುಕೊಟ್ಟರು. ರೋಗದ ಕಾರಣ ಸಿಕ್ಕಿತ್ತು, ಪರಿಹಾರವೂ ಸಿಕ್ಕಿತ್ತು. ಆದರೆ ಮಗಳನ್ನು ನನಗೆ ಮರಳಿಸುವ ಆಜ್ಞೆಯೊಂದನ್ನು ಅವರು ಬರೆದುಕೊಡಲಿಲ್ಲ.

ಆ ಆಜ್ಞೆಯನ್ನು ನಾನೇ ಹೊರಡಿಸಿದೆ. ಬೆಕ್ಕು ಮನೆಯಲ್ಲಿರಕೂಡದು ಎಂದೆ. ಅಕ್ಕ ಲಾಳಿ ಎಸೆಯುವುದನ್ನು ನಿಲ್ಲಿಸದೆ, “ಬೆಕ್ಕು ಹೋದ್ರ ಇಲಿ ಬಂದು ನೂಲು ತಿಂತಾವ. ನೂಲು ಹೋದ್ರ ನಾವು ಏನು ತಿನ್ನೋಣು? ಡಾಕ್ಟರ್ ಹಾಂಗಂದಾರೇನು?” ಎಂದಳು. ಡಾಕ್ಟರು ಹಾಗೆ ಅಂದಿರಲಿಲ್ಲ. ಸುಳ್ಳು ಹೇಳುವುದನ್ನು ನಮ್ಮ ಶಾಲೆಯಲ್ಲಿ ಕಲಿಸಿರಲಿಲ್ಲ. ಬೆಕ್ಕು ಉಳಿಯಿತು.

ಆಗ ನಾನು ಓಣಿಯನ್ನೇ ತಿದ್ದಲು ಹೊರಟೆ. ಕೊಕ್ಕೆಹುಳುವಿನ ಚಿತ್ರ ಬರೆದು ಮನೆಮನೆಗೆ ಹೋಗಿ, ನೇಯುವಾಗ ಚಪ್ಪಲಿ ಹಾಕಿಕೊಳ್ಳಿ, ಕುಣಿ ಮುಚ್ಚಿಡಿ ಎಂದು ಸಾರಿದೆ. ಕೈಮುಗಿದು ಇಳಿಯುವ ಮಗ್ಗಕ್ಕೆ ಚಪ್ಪಲಿ ಎಂದ ಕೂಡಲೇ ಮುದುಕಿಯರು ಕಿವಿ ಮುಚ್ಚಿಕೊಂಡರು. ಸಂಗಪ್ಪ ವಿನಯದಿಂದ ಎದ್ದು ನಿಂತು, “ಅಕ್ಕೋರ, ಕುಣಿಗೆ ಬಾಗಲಾ ಇಡಸ್ತೇವ್ರಿ. ಕೀಲಿಕೈ ಬೆಕ್ಕಿನ ಕೈಯಾಗ ಕೊಡೋಣೇನ್ರಿ?” ಎಂದ. ನಗೆ ಓಣಿಯ ಕೊನೆಯವರೆಗೂ ನನ್ನನ್ನು ಕಳುಹಿಸಿಬಂತು. ಅಂದು ನಾನು ಊಟ ಮಾಡದೆ ಮಲಗಿದೆ.

ಮರುದಿನ ಅಕ್ಕ ನಳದ ಕಟ್ಟೆಯ ಮೇಲೆ ಕೊಡವಿಟ್ಟು ಹೆಂಗಸರಿಗೆ ಒಂದು ಮಾತು ಹೇಳಿದಳು. ನೀರಿಗೆ ನಿಂತಿದ್ದ ನಾನೂ ಕೇಳಿಸಿಕೊಂಡೆ. ನಮ್ಮಲ್ಲಿ ಹೆಣವನ್ನು ಹೂಳುತ್ತೇವೆ. ಅದಕ್ಕೆ ತೋಡುವ ತಗ್ಗಿಗೂ ಮಗ್ಗದ ತಗ್ಗಿಗೂ ಹೆಸರು ಒಂದೇ, ಕುಣಿ. ಅಕ್ಕ ಹೇಳಿದ್ದು ಇಷ್ಟೆ: “ಕುಣಿ ಅಂದ್ರ ಕುಣಿನೇ. ಬಾಯಿ ತಗದು ಇಟ್ರ ಮನಿ ಮಂದೀನ್ನ ಬೇಡತೈತಿ. ನಮ್ಮ ಸುಮಿ ಕಾಲು ಹಿಡದು ಎಳಿಯಾಕ ಹತ್ತಿತ್ತು. ನಾ ಅಂತೂ ಇವತ್ತಿಂದ ಮುಚ್ಚತೇನವ್ವಾ.”

ಸಂಜೆ ಶಾಲೆಯಿಂದ ಬರುವಷ್ಟರಲ್ಲಿ ಓಣಿಯ ಬಡಿಗನ ಅಂಗಳದಲ್ಲಿ ಹಲಗೆಗಳು ಸಾಲಾಗಿ ನಿಂತಿದ್ದವು. ಸಂಗಪ್ಪನ ಮನೆಯ ಹಲಗೆ ಎಲ್ಲಕ್ಕಿಂತ ದಪ್ಪವಾಗಿತ್ತು. “ಅಕ್ಕ ಹೇಳ್ಯಾಳ್ರಿ” ಎಂದ ಅವನು, ಕುಣಿ ಮುಚ್ಚಿ ಎಂದು ನಾನು ಎಂದೂ ಹೇಳಿಯೇ ಇಲ್ಲವೇನೋ ಎಂಬಂತೆ.

ನಾನು ಕೆಂಡವಾದೆ. ಮೂಢನಂಬಿಕೆ ಒಂದು ಅನ್ಯಾಯ, ಸತ್ಯ ತಿಳಿದೂ ಅದನ್ನು ಮುಚ್ಚಿಡುವುದು ಇನ್ನೊಂದು ಎಂದು ಅಕ್ಕನ ಮುಂದೆ ನಿಂತು ಹೇಳಿದೆ. “ಕುಣಿ ಮುಚ್ಚಿದ್ರ ಸಾಲದೇನು?” ಎಂದು ಕೇಳಿದಳು. ಸಾಲದು, ಕಾರಣ ಸರಿಯಾಗಿರಬೇಕು ಎಂದೆ. “ಹಾಂಗಾದ್ರ ಕಾರಣ ನೀ ಇಟ್ಕೊ ತಂಗಿ. ಹಲಗಿ ಅವರು ಇಟ್ಕೋಲಿ” ಎಂದವಳು ಬೆಕ್ಕನ್ನು ಹಳೆಯ ಅರಿವೆಯಲ್ಲಿ ಸುತ್ತಿ ನನ್ನ ಮುಂದೆ ಹಿಡಿದಳು, ದನದ ದವಾಖಾನೆಯಿಂದ ತಂದ ಔಷಧವನ್ನು ಬಾಯಿಗೆ ಹಾಕುವ ಕೆಲಸ ನನ್ನದಾಯಿತು. ಬೆಕ್ಕು ಔಷಧ ನುಂಗಿತು, ನನ್ನ ಮುಂಗೈಯನ್ನು ಪರಚಿತು, ಮತ್ತು ಆಕೆಯ ಹೆಗಲೇರಿ ಕುಳಿತಿತು. ಓಣಿಯಲ್ಲಿ ಆ ಕೆಂಪು ಗೆರೆ ಮತ್ತೆ ಯಾರ ಪಾದದ ಮೇಲೂ ಕಾಣಲಿಲ್ಲ. ಕಾಲು ವಾಸಿಯಾದ ಸುಮಿ ನೇರ ಓಡಿದ್ದು ಅಕ್ಕನ ಬಳಿಗೆ. ನನ್ನ ವಿಜ್ಞಾನ ಗೆದ್ದ ದಿನ ನಾನು ಇಷ್ಟು ಕಹಿಯಾಗಿ ಸೋಲುತ್ತೇನೆಂದು ಎಣಿಸಿರಲಿಲ್ಲ. ಆ ಕಹಿ ಎಂಬತ್ತರ ದಶಕವನ್ನೆಲ್ಲ ನನ್ನೊಡನೆ ಕಳೆಯಿತು. ಅಕ್ಕ ತೀರಿಕೊಂಡ ಮೇಲೂ ಅದು ನನ್ನನ್ನು ಬಿಟ್ಟು ಹೋಗಲಿಲ್ಲ.

ಈಗ ನಾನಿರುವುದು ಬಾಗಲಕೋಟೆಯಲ್ಲಿ, ಸುಮಿಯ ಮನೆಯಲ್ಲಿ. ಮೊನ್ನೆ ಅವಳ ಮಗ ಬೆಕ್ಕಿನೊಡನೆ ಆಡಿ ಹಾಗೆಯೇ ಊಟಕ್ಕೆ ಕುಳಿತಾಗ ಅವಳು ಅವನನ್ನು ಎಬ್ಬಿಸಿ ಕೈ ತೊಳೆಸಿದಳು. “ನಮ್ಮತ್ತಿ ಇದ್ದಿದ್ರ ನಿನ್ನ ತಾಟು ಎತ್ತಿಡ್ತಿದ್ಲು” ಎಂದಳು. ಸೋದರತ್ತೆ ಗಂಗವ್ವನನ್ನು ಅವಳು ಕರೆಯುತ್ತಿದ್ದುದು ‘ಅತ್ತಿ’ ಎಂದೇ. ನಾನು ಸುಮ್ಮನಿರಲಾರದೆ, “ಅದು ಅತ್ತಿ ಮಾತಲ್ಲ. ಹುನಗುಂದದ ಡಾಕ್ಟರ್ ಕಡಿಂದ ತಿಳಕೊಂಡು ಓಣಿಗೆಲ್ಲ ಸಾರಿದಾಕಿ ನಾನು” ಎಂದೆ.

“ಗೊತ್ತೈತಿ ಅವ್ವಾ. ಅತ್ತಿನೇ ಹೇಳ್ತಿದ್ಲು.”

“ಏನಂತ?”

“ಕೈ ತೊಳಿಯೂದು, ಕುಣಿ ಮುಚ್ಚೂದು, ಎಲ್ಲಾ ಬೆಕ್ಕಿನ ಹುಳದ ಸಲುವಾಗಿ, ನಿಮ್ಮವ್ವ ಹೇಳಿದ್ದು ಖರೆ ಐತಿ ಅಂತ. ಆದ್ರ ಮಂದಿ ಆಕೀನ್ನ ನೋಡಿ ನಗ್ತಾರ, ಆಕಿ ಬಂದು ಉಪಾಸ ಮಲಗ್ತಾಳ, ನನಗ ನೋಡಾಕ ಆಗೂದಿಲ್ಲ. ಅದಕ್ಕ ಕುಣಿ ಬೇಡತೈತಿ ಅಂತ ಒಂದು ಕಥಿ ಕಟ್ಟಿದೆ ಅಂತಿದ್ಲು. ನಿನಗ ಹೇಳಬಾರ್ದು ಅಂತ ಆಣಿ ಹಾಕಿಸ್ಕೊಂಡಿದ್ಲು. ಸಿಟ್ಟಾಗ್ತಾಳ, ಅದೂ ಅನ್ಯಾಯ ಅಂತಾಳ ಅಂತ.”

ಮಗಳನ್ನು ಆಕೆ ನನ್ನಿಂದ ಕಸಿದುಕೊಂಡಳೆಂದು ಇಷ್ಟು ವರ್ಷ ಹೊಟ್ಟೆ ಉರಿದುಕೊಂಡವಳು ನಾನು. ಈಗ ಅದೇ ಉರಿ ಮಗಳ ಕಡೆಗೆ ತಿರುಗಿತ್ತು. ಒಂದೇ ಒಲೆಯ ಅಡುಗೆ ಉಂಡು, ಒಂದೇ ಮಾಡಿನ ಕೆಳಗೆ ಬಾಳಿದರೂ ನಾನು ಪಡೆಯದ ಅಕ್ಕನನ್ನು ಇವಳು ಇಡಿಯಾಗಿ ಪಡೆದುಕೊಂಡಿದ್ದಳು.

“ಮತ್ತೇನೇನು ಹೇಳ್ತಿದ್ಲು ನನ್ನ ಬಗ್ಗೆ?” ಎಂದು ಕೇಳಿದೆ.

ಸುಮಿ ನಕ್ಕು, “ಎಲ್ಲಾ ಹೇಳಬ್ಯಾಡ ಅಂದಾಳ” ಎಂದಳು.