ಕೋಟೆ ದಿಬ್ಬ ಅಗೆದ ಆಪಾ

ಮೊನ್ನೆ ದೀಪಾವಳಿಗೆಂದು ಸೊಸೆ ಹಿತ್ತಾಳೆ ಸಾಮಾನುಗಳನ್ನೆಲ್ಲ ಹಿತ್ತಲಿಗೆ ತಂದು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ನಾನು ಕಟ್ಟೆಯ ಮೇಲೆ ಕುಳಿತಿದ್ದೆ. ಹುಳಿ, ಲೋಹ, ಹಸಿಮಣ್ಣು ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳಿಯಾಳದ ನಮ್ಮ ಹಳೆಯ ಮನೆ ಕಣ್ಣ ಮುಂದೆ ಬಂತು. ಅಲ್ಲಿಯ ಬಾವಿಯ ಹತ್ತಿರ ಕುಳಿತು ನಾನೂ ಪಕ್ಕದ ಮನೆಯ ಆಪಾನೂ ಹೀಗೇ ತಿಕ್ಕುತ್ತಿದ್ದೆವು. ಆದರೆ ನಾವು ತಿಕ್ಕುತ್ತಿದ್ದದ್ದು ದೀಪದ ಸಮೆಗಳನ್ನಲ್ಲ. ಎಂದೋ ಸತ್ತ ಸಿಪಾಯಿಗಳ ಅಂಗಿಯ ಗುಂಡಿಗಳನ್ನು, ನಡುಪಟ್ಟಿಯ ಬಕಲುಗಳನ್ನು…

ಆಗ ಬರ್ಮಾ ಕಡೆ ಯುದ್ಧ ನಡೆದಿತ್ತು. ನಾನು ಮದುವೆಯಾಗಿ ಬಂದ ಹೊಸತು. ನಮ್ಮದು ಕಾಳುಕಡಿ ವ್ಯಾಪಾರದ ಮನೆ. ಆಪಾನ ಗಂಡ ದಾಂಡೇಲಿ ಕಾಡಿನಿಂದ ಕಟ್ಟಿಗೆ ಹೇರುವ ಲಾರಿ ನಡೆಸುತ್ತಿದ್ದರು. ಲಷ್ಕರಕ್ಕೆ ಡ್ರೈವರುಗಳು ಬೇಕೆಂದು ಕರೆ ಬಂದಾಗ ಸೇರಿಕೊಂಡು ಹೋದರು. ಮೊದಮೊದಲು ಸುದ್ದಿ ಬರುತ್ತಿತ್ತು, ಆಮೇಲೆ ನಿಂತುಹೋಯಿತು. ಆಪಾ ಮನೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡು ಓಣಿಯವರ ಕುಪ್ಪಸ ಹೊಲಿಯುತ್ತ ದಿನ ದೂಡುತ್ತಿದ್ದಳು. ನನಗಿಂತ ನಾಲ್ಕಾರು ವರ್ಷ ದೊಡ್ಡವಳು, ಅದಕ್ಕೇ ಅವರ ಉರ್ದುವಿನಲ್ಲಿ ಅಕ್ಕ ಎನ್ನುವಂತೆ ಆಪಾ ಎನ್ನುತ್ತಿದ್ದೆ. ಇನ್ನೂ ಮಕ್ಕಳಿರಲಿಲ್ಲ.

ನಮ್ಮಿಬ್ಬರ ಹಿತ್ತಲುಗಳೂ ಹಾಳುಕೋಟೆಯ ಮಣ್ಣಿನ ದಿಬ್ಬಕ್ಕೆ ಹೋಗಿ ಮುಟ್ಟುತ್ತಿದ್ದವು. ಒಲೆ ಮೆತ್ತಲು ಅಲ್ಲಿಯ ಕೆಂಪುಮಣ್ಣು ಒಳ್ಳೆಯದು. ಒಂದು ಮಧ್ಯಾಹ್ನ ನಾನು ತಂದ ಬುಟ್ಟಿಯ ಮಣ್ಣಿನಲ್ಲಿ ಬೋರೆಹಣ್ಣಿನಷ್ಟು ದಪ್ಪದ ಒಂದು ಗುಂಡು ಸಿಕ್ಕಿತು. ಗಾತ್ರಕ್ಕೆ ಮೀರಿದ ಭಾರ. ಗೋಡೆಯ ಮೇಲಿಂದ ಆಪಾನ ಕೈಗೆ ಕೊಟ್ಟೆ. ಆಕೆ ಅಂಗೈಯಲ್ಲಿಟ್ಟು ತೂಗಿದಳು, ಉಗುರಿನಿಂದ ಕೆರೆದಳು, ಬಿಸಿಲಿಗೆ ಹಿಡಿದಳು. ಬಂದೂಕಿನ ಗುಂಡು ಇರಬೇಕು ಎಂದಳು. ಅದರ ಒಂದು ಬದಿ ಚಪ್ಪಟೆಯಾಗಿತ್ತು. ಯಾವುದಕ್ಕೋ ಬಡಿದು ಹಾಗಾಗಿತ್ತು… ಕಲ್ಲಿಗೋ, ಯಾರದೋ ಎಲುಬಿಗೋ.

ಮರುದಿನ ಆಕೆ ಕಳೆ ತೆಗೆಯುವ ಕುರ್ಪಿ ಹಿಡಿದು ಗೋಡೆಯ ಹತ್ತಿರ ನಿಂತಿದ್ದಳು.

"ಲಡಾಯಿ ಅಂದ್ರ ಏನಂತ ನನಗೇನ ಗೊತ್ತಿಲ್ಲ ತಂಗಿ. ಇಲ್ಲೇ ಬಾಜೂಕ ಒಂದು ಲಡಾಯಿ ಹೂತು ಬಿದ್ದೈತಿ. ಬಾ, ನೋಡೂಣು."

ಅಂದಿನಿಂದ ಅದೇ ಒಂದು ಹುಚ್ಚಾಯಿತು. ಗಂಡಸರು ಉಂಡು ಅಂಗಡಿಗೆ ಹೋದ ಮೇಲೆ ನಾವಿಬ್ಬರೂ ದಿಬ್ಬದ ನೆರಳಿಗೆ ಕುಳಿತು ಮೆಲ್ಲಗೆ ಕೆದಕುತ್ತಿದ್ದೆವು. ಕುದುರೆಯ ಲಾಳ, ತುಕ್ಕು ತಿಂದ ಚೂರಿ, ಹಿತ್ತಾಳೆಯ ಗುಂಡಿ, ಒಮ್ಮೆ ಒಂದು ಪುಟ್ಟ ಫಿರಂಗಿ ಗುಂಡು. ಅದನ್ನು ಉರುಳಿಸಿಕೊಂಡು ತಂದು ನಮ್ಮ ಹಿತ್ತಲ ಬಾಗಿಲಿಗೆ ಅಡ್ಡವಿಟ್ಟೆವು. ಊರವರು ಎಲ್ಲವನ್ನೂ ಸುಲ್ತಾನನ ಕಾಲದ್ದು ಎನ್ನುತ್ತಿದ್ದರು. ಇಂಗ್ಲಿಷರ ದಂಡೂ ಇಲ್ಲಿ ಇತ್ತಂತೆ ಎಂದು ನನ್ನ ಮಾವ ಹೇಳಿದರು. ಯಾರ ಗುಂಡಿ ಯಾವುದು ಎಂದು ನಾವು ಗಂಟೆಗಟ್ಟಲೆ ವಾದಿಸುತ್ತಿದ್ದೆವು. ಇದನ್ನು ಹಾಕಿಕೊಂಡವನು ಏನು ಉಣ್ಣುತ್ತಿದ್ದ? ಮನೆಯ ನೆನಪಾದರೆ ಯಾರ ಹತ್ತಿರ ಹೇಳುತ್ತಿದ್ದ? ಆಪಾನ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ.

ನಿಧಿ ಅಗೆಯುತ್ತಾರೆಂಬ ಮಾತು ಓಣಿಯಲ್ಲಿ ಹಬ್ಬಿ ಕೆಲವರು ಗುದ್ದಲಿ ಹಿಡಿದು ಬಂದದ್ದೂ ಉಂಟು. ಒಂದು ದಿನವೆಲ್ಲ ಬೆವರು ಸುರಿಸಿ, ಒಡೆದ ಮಡಕೆ ಬಿಟ್ಟು ಬೇರೇನೂ ಸಿಗದೆ ನಮ್ಮನ್ನೇ ಬೈದುಕೊಂಡು ಹೋದರು. ನನ್ನ ಅತ್ತೆಗೂ ಸಿಟ್ಟು ಬಂದಿತ್ತು. ಸತ್ತವರ ಸಾಮಾನು ಮನೆಯೊಳಗೆ ತರಬಾರದೆಂದು ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ಎಲ್ಲವೂ ಆಪಾನ ಮನೆಯ ಒಂದು ಡಬ್ಬಿಯಲ್ಲಿ ಸೇರುತ್ತಿದ್ದವು.

ಆ ಗುದ್ದಲಿಯವರು ಕೆಡವಿಹೋದ ಮಣ್ಣಿನಲ್ಲೇ ನಮಗೆ ಅದು ಸಿಕ್ಕಿದ್ದು. ಸಣ್ಣ ಟೊಪ್ಪಿಗೆಯಂಥ ಹಿತ್ತಾಳೆಯ ವಸ್ತು, ಮೈತುಂಬ ಚುಕ್ಕಿ. ನನಗೆ ತಿಳಿಯಲಿಲ್ಲ. ಆಪಾ ನೋಡಿದ ಕೂಡಲೇ ನಕ್ಕುಬಿಟ್ಟಳು. ಹೊಲಿಯುವಾಗ ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿಕೊಳ್ಳುವ ಟೋಪಿ ಅದು. ತನ್ನ ಬೆರಳಿಗೆ ಹಾಕಲು ನೋಡಿದಳು, ಹೋಗಲಿಲ್ಲ. ನನ್ನ ಕಿರುಬೆರಳಿಗೆ ಸರಿಯಾಗಿ ಕೂತಿತು. ಆಪಾನ ನಗು ನಿಂತಿತು. ಇಷ್ಟು ಸಣ್ಣ ಬೆರಳು ಗಂಡಸಿನದಲ್ಲ ಎಂದಳು.

ಅದೇ ಜಾಗದಲ್ಲಿ ಇನ್ನಷ್ಟು ಕೆದಕಿದೆವು. ಮೂರು ಒಲೆಗಲ್ಲು, ಬೂದಿ, ಅದರ ಪಕ್ಕದಲ್ಲಿ ಹಸಿರು ಬಳೆಯ ಚೂರುಗಳು. ದಂಡಿನ ಜತೆ ಬಂದ ಒಬ್ಬ ಹೆಂಗಸು ಅಲ್ಲಿ ಅಡುಗೆ ಮಾಡಿದ್ದಳು, ಬಟ್ಟೆ ಹೊಲಿದಿದ್ದಳು. ಆಕೆಯ ಜಾತಿ, ಮಾತು, ಹೆಸರು ಒಂದೂ ನಮಗೆ ತಿಳಿಯುವಂತಿರಲಿಲ್ಲ. ಆಪಾ ಮಾತ್ರ ಆ ಚೂರುಗಳನ್ನು ತೊಳೆದು ಒಂದರ ಪಕ್ಕ ಒಂದು ಜೋಡಿಸಿಟ್ಟಳು.

ಕೆಲವು ದಿನಗಳಲ್ಲೇ ಮುಂಡಗೋಡ ಕಡೆಯ ಒಬ್ಬ ಸಿಪಾಯಿ ರಜೆಯ ಮೇಲೆ ಊರಿಗೆ ಬಂದವನು ಸುದ್ದಿ ತಂದ. ಆಪಾನ ಗಂಡ ಗಾಯಗೊಂಡು ಪುಣೆಯ ಕಡೆ ಲಷ್ಕರಿ ದವಾಖಾನೆಯಲ್ಲಿದ್ದಾರೆ, ಯಾರ ಜತೆಗೂ ಮಾತಾಡುವುದಿಲ್ಲ ಎಂದ. ಆಪಾ ಅವತ್ತೇ ಹೊರಡುತ್ತೇನೆಂದಳು. ಆಕೆಯ ಮೈದುನ ಒಪ್ಪಲಿಲ್ಲ. ಹೆಣ್ಣು ಹೋಗುವ ಜಾಗವಲ್ಲ ಅದು, ಕಟ್ಟಿಗೆ ಸಾಗಿಸುವ ಕೆಲಸ ಮುಗಿದ ಮೇಲೆ ತಾನೇ ಹೋಗುತ್ತೇನೆ ಎಂದರು. ಓಣಿಯ ಹಿರಿಯರೂ ಅದನ್ನೇ ಹೇಳಿದರು. ನನಗೂ ಭಯವಾಗಿತ್ತು.

"ಆಪಾ, ನೀ ಒಬ್ಬಾಕಿ ಹೆಂಗ ಹೋಗ್ತಿ? ಅಲ್ಲಿ ಯಾರನ್ನ ಕೇಳ್ತಿ?" ಎಂದೆ.

ಆಕೆ ದಿಬ್ಬದ ಕಡೆ ನೋಡಿದಳು. "ಆ ಹಸರ ಬಳಿ ಹಾಕ್ಕೊಂಡಾಕಿ ಯಾರನ್ನ ಕೇಳಿ ಬಂದಿದ್ಲು ಇಲ್ಲಿಗೆ?"

ಒಳಗೆ ಕಾಳು ಹಸನು ಮಾಡುತ್ತಿದ್ದ ಅತ್ತೆ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಮೊರ ಕೆಳಗಿಟ್ಟರು. ಆಮೇಲೆ ತಲೆಯೆತ್ತದೆ ಅಂದರು:

"ನಾಳೆ ಮುಂಜಾನೆ ನಮ್ಮ ಚಕ್ಕಡಿ ಅಳ್ನಾವರ ಸ್ಟೇಷನ್ನಿಗೆ ಹೊಂಟೈತಿ. ಚೀಲದ ಮ್ಯಾಲ ಕೂಡಂತ ಹೇಳು ಆಕೀಗೆ."

ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟವರೂ ಅವರೇ. ಬೆಳಿಗ್ಗೆ ಚಕ್ಕಡಿ ಓಣಿಯ ತಿರುವು ದಾಟುವವರೆಗೆ ನಾನು ಬಾಗಿಲಲ್ಲಿ ನಿಂತಿದ್ದೆ. ಆಪಾ ತಿರುಗಿ ನೋಡಲಿಲ್ಲ.

ಒಂದು ಮಳೆಗಾಲ ಹೋಯಿತು. ನಾನು ಒಬ್ಬಳೇ ದಿಬ್ಬದ ಕಡೆ ಹೋಗಲಿಲ್ಲ, ಹೋಗಬೇಕೆನಿಸಲಿಲ್ಲ. ಚಳಿ ಬೀಳುವ ಹೊತ್ತಿಗೆ ಒಂದು ಸಂಜೆ ಆಪಾ ಗಂಡನ ಜತೆ ನಡೆದುಕೊಂಡು ಬಂದಳು. ಅವರ ಅಂಗಿಯ ಬಲತೋಳು ಖಾಲಿ ಜೋತಾಡುತ್ತಿತ್ತು. ಆದರೆ ಅವರು ಮಾತಾಡುತ್ತಿದ್ದರು. ನಮ್ಮ ಅತ್ತೆಗೆ ಎಡಗೈಯಿಂದಲೇ ಸಲಾಮು ಮಾಡಿ, "ನಿಮ್ಮ ಚಟ್ನಿ ನನಗೂ ಒಂದೀಟು ಉಳಿಸಿದ್ಲ್ರಿ" ಎಂದರು. ಅತ್ತೆ ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು.

ಆಮೇಲೆ ಅವರು ದಾಂಡೇಲಿಗೆ ಹೋಗಿ ನೆಲೆಸಿದರು. ಗಂಡ ಕಟ್ಟಿಗೆ ಡಿಪೋದಲ್ಲಿ ಕಾವಲಿಗಿದ್ದರು, ಆಪಾ ಹೊಲಿಗೆ ಬಿಡಲಿಲ್ಲ. ಆಕೆ ಹಳಿಯಾಳಕ್ಕೆ ಬಂದಾಗಲೆಲ್ಲ ನಾನು ಪುಣೆಯ ಸಂಗತಿ ಕೇಳುತ್ತಿದ್ದೆ. ಗುರುತಿನವರಿಲ್ಲದ ಊರಿನಲ್ಲಿ ದವಾಖಾನೆ ಹೇಗೆ ಹುಡುಕಿದಳು, ಅಷ್ಟು ತಿಂಗಳು ಎಲ್ಲಿದ್ದಳು, ಮಾತು ಬಿಟ್ಟ ಮನುಷ್ಯನನ್ನು ಹೇಗೆ ಮಾತಾಡಿಸಿದಳು… "ಹೇಳ್ತೇನಿ ಬಿಡ ತಂಗಿ, ಒಂದಿನ ಆರಾಮ ಕುಂತು" ಎನ್ನುತ್ತಿದ್ದಳು. ಮಕ್ಕಳಾದವು, ಮನೆಗೆಲಸ ಹೆಚ್ಚಿತು, ನಾವು ಧಾರವಾಡಕ್ಕೆ ಬಂದೆವು. ಆರಾಮಾಗಿ ಕೂಡುವ ಆ ದಿನ ಬರಲೇ ಇಲ್ಲ.

ಹೋದ ಬೇಸಿಗೆಯಲ್ಲಿ ಆಪಾ ತೀರಿಕೊಂಡಳು. ಗಂಡ ಅದಕ್ಕೂ ಬಹಳ ಮೊದಲೇ ಹೋಗಿದ್ದರು. ಸುದ್ದಿ ನನಗೆ ಮುಟ್ಟಿದ್ದು ಮಣ್ಣು ಮಾಡಿದ ಮೇಲೆ. ದಾಂಡೇಲಿಗೆ ಹೋದೆ. ನನ್ನನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವ ಆಕೆಯ ಮಗ ಚಹಾ ಕೊಟ್ಟು ಎದುರಿಗೆ ಕುಳಿತ. ಅಮ್ಮಿ ಪುಣೆಗೆ ಒಬ್ಬಳೇ ಹೋಗಿ ಅಬ್ಬಾನನ್ನು ಕರೆತಂದದ್ದು ನಿಜವೇ ಎಂದು ಕೇಳಿದ. ಮನೆಯಲ್ಲಿ ಅವರಿಬ್ಬರೂ ಆ ವಿಷಯ ಬಿಡಿಸಿ ಹೇಳಿದ್ದೇ ಇಲ್ಲವಂತೆ. ನಾನು ಹೇಳತೊಡಗಿದೆ. ದಿಬ್ಬ, ಬಳೆಚೂರು, ಮೈದುನನ ಮಾತು, ಅಳ್ನಾವರದ ಚಕ್ಕಡಿ, ಎಲ್ಲ ಹೇಳಿ ನಿಲ್ಲಿಸಿದೆ.

ಬಾಗಿಲಿಗೆ ಒರಗಿ ನಿಂತಿದ್ದ ಆಪಾನ ಮೊಮ್ಮಗಳು ಒಳಗೆ ಬಂದು ನನ್ನ ಹತ್ತಿರ ಕುಳಿತಳು.

"ಮುಂದ ಏನಾತ್ರಿ?" ಎಂದಳು.

ಅದನ್ನೇ ನಾನೂ ನಲವತ್ತು ವರ್ಷ ಕೇಳುತ್ತ ಬಂದಿದ್ದೆ.