ಪಿಂಕಿಯ ಪಾಲಿನ ಖಿಚಡಿ

ಹೋದ ವಾರ ನಾಗಪುರದ ಬಜಾಜ್ ನಗರದ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ, ಮಳೆಗಾಲವಿಡೀ ಮುಟ್ಟದೇ ಇಟ್ಟಿದ್ದ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದೆ. ಗಪ್ಪನೆ ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಹಿಟ್ಟು ಗಂಟುಗಂಟಾಗಿತ್ತು, ನಡುವೆ ಹುಳುಗಳು ಜಾಲ ಕಟ್ಟಿದ್ದವು. ಯಾರ ಮನೆಯಲ್ಲಾದರೂ ಆಗುವಂಥದ್ದೇ. ಚೆಲ್ಲಿ, ಡಬ್ಬಿ ತೊಳೆದಿಟ್ಟರೆ ಮುಗಿಯಿತು. ನಾನು ಮಾತ್ರ ಮುಚ್ಚಳ ಕೈಯಲ್ಲೇ ಹಿಡಿದು ನಿಂತುಬಿಟ್ಟೆ. ಆ ವಾಸನೆ ನನ್ನನ್ನು ಯಾವಾಗಲೂ ಒಂದೇ ಕಡೆ ಒಯ್ಯುತ್ತದೆ: ಊರ ಹೊರಗೆ ಕನ್ಹಾನಿನಲ್ಲಿದ್ದ ನಮ್ಮ ಎರಡು ಕೋಣೆಯ ಮನೆಗೆ, ನನಗೆ ಹತ್ತು ವರ್ಷವಾಗಿದ್ದ ಆ ಚಳಿಗಾಲಕ್ಕೆ. ಕಳೆದುಹೋದ ಮನೆಯೊಂದು ನಿಮಗೂ ಇದ್ದರೆ, ಅದು ಕರೆಯದೇ ಬರುವ ಬಗೆ ನಿಮಗೂ ಗೊತ್ತಿರುತ್ತದೆ.

ನಾವು ವಿಜಾಪುರದ ಇಂಡಿ ಕಡೆಯವರು. ಅಪ್ಪ ಕಾಮಠಿಯ ಮಿಲಿಟರಿ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ಅವ್ವ ನನ್ನನ್ನು ಹೆತ್ತ ವರ್ಷವೇ ತೀರಿಕೊಂಡಿದ್ದಳು. ನನ್ನನ್ನು ಸಾಕಿದವಳು ವಿಧವೆಯಾಗಿ ನಮ್ಮೊಂದಿಗೆ ಬಂದು ನೆಲೆಸಿದ ದೊಡ್ಡವ್ವ. ಓಣಿಯ ಎದುರಿನ ಅಂಗನವಾಡಿಗೆ ಅಡುಗೆ ಮಾಡುವ ಕೆಲಸ ಅವಳದು. ಸರ್ಕಾರದಿಂದ ಅಕ್ಕಿ, ಬೇಳೆ, ಎಣ್ಣೆ ಬರುತ್ತಿತ್ತು. ಅವಳು ನಮ್ಮ ಹಿತ್ತಲಿನ ಬೇವಿನ ಮರದ ಕೆಳಗೆ ಒಲೆ ಹೂಡುತ್ತಿದ್ದಳು. ಹಸಿ ಕಟ್ಟಿಗೆಯ ಹೊಗೆ, ಒಗ್ಗರಣೆಗೆ ಬಿದ್ದ ಜೀರಿಗೆ, ಕುದಿಯುವ ಖಿಚಡಿಯ ಗಟ್ಟಿ ಪರಿಮಳ, ಇವೆಲ್ಲ ಕಿಟಕಿಯಿಂದ ಒಳಗೆ ಬಂದು ನನ್ನ ಶಾಲೆಯ ಪುಸ್ತಕಗಳಿಗೂ ಹತ್ತುತ್ತಿದ್ದವು. ಸರ್ಕಾರದ ಖಿಚಡಿಗೆ ರುಚಿ ಇಲ್ಲವೆಂದು ನಮ್ಮ ಮನೆಯ ಶೇಂಗಾ ಪುಡಿ ಉದುರಿಸುತ್ತಿದ್ದಳು. ಇಟ್ಟಿಗೆ ಭಟ್ಟಿಯವರ ಮಕ್ಕಳು ತಾಟು ಹಿಡಿದು ಸಾಲಾಗಿ ಕೂತಾಗ ಅವಳು ಯಾರ ಮನೆಯ ಮದುವೆಯಲ್ಲೋ ಬಡಿಸುವವಳಂತೆ ಸೆರಗು ಸಿಕ್ಕಿಸಿಕೊಂಡು ಓಡಾಡುವಳು.

ಆ ಮಕ್ಕಳಲ್ಲಿ ಪಿಂಕಿ ಎಂಬ ಮೂರು ವರ್ಷದ ಹುಡುಗಿ ಇದ್ದಳು. ಅವಳ ತಾಯಿ ಸುನಂದಾ ಭಟ್ಟಿಯಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಅಂಗನವಾಡಿಯಲ್ಲಿ ಮಕ್ಕಳನ್ನು ತೂಗಿ ಚಾರ್ಟಿನಲ್ಲಿ ಗುರುತು ಹಾಕುತ್ತಿದ್ದರು. ಕೆಂಪು ಎಂದರೆ ಅಪಾಯ, ಹಳದಿ ಎಂದರೆ ನಡುವೆ, ಹಸಿರು ಎಂದರೆ ಮಗು ಚೆನ್ನಾಗಿದೆ ಎಂದು. ಪಿಂಕಿ ಬಂದಾಗ ಕೆಂಪಿನಲ್ಲಿದ್ದಳು. ದೊಡ್ಡವ್ವ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತುತ್ತು ತುತ್ತಾಗಿ ಉಣ್ಣಿಸಿ, ಮಳೆಗಾಲ ಮುಗಿಯುವಷ್ಟರಲ್ಲಿ ಹಳದಿಗೆ ತಂದಿದ್ದಳು. ಅವತ್ತು ಅಪ್ಪನಿಗೆ ಊಟಕ್ಕೆ ಬಡಿಸುತ್ತ ಮೂರು ಸಲ ಆ ಸುದ್ದಿ ಹೇಳಿದ್ದು ನೆನಪಿದೆ.

ದೀಪಾವಳಿ ಆದಮೇಲೆ ಅಕ್ಕಿ ಬರಲಿಲ್ಲ. ಬಜೆಟ್ಟಿನ ಜಗಳವಂತೆ. ದಿಲ್ಲಿಯ ಸರ್ಕಾರ ತನ್ನ ಪಾಲು ಕೊಟ್ಟಿದ್ದೇನೆ ಎನ್ನುತ್ತಿತ್ತು, ಇಲ್ಲಿನ ಸರ್ಕಾರ ಬಂದಿಲ್ಲ ಎನ್ನುತ್ತಿತ್ತು. ಇಲ್ಲಿನವರಲ್ಲೇ ಎರಡು ಬಣಗಳಾಗಿ, ಯೋಜನೆಗೆ ಯಾರ ನಾಯಕನ ಹೆಸರಿಡಬೇಕು ಎಂದು ಪಟ್ಟು ಹಿಡಿದಿದ್ದರು. ವಿಧಾನಸಭೆಯ ಅಧಿವೇಶನ ಚಳಿಗಾಲಕ್ಕೆ ನಾಗಪುರಕ್ಕೆ ಬಂದಿತ್ತು; ರಸ್ತೆಗೆಲ್ಲ ಹೊಸ ಡಾಂಬರು, ಗೋಡೆಗಳಿಗೆ ಹೊಸ ಸುಣ್ಣ. ಟೀವಿಯಲ್ಲಿ ಆ ಬಣಗಳ ಇಬ್ಬರು ಮುಖಂಡರು ದಿನಾ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರು. ಅಷ್ಟು ವೇಗದ ಮರಾಠಿ ದೊಡ್ಡವ್ವನಿಗೆ ತಿಳಿಯದೆ ನನ್ನನ್ನು ಕೇಳಿದಳು. ಹೆಸರಿಗಾಗಿ ಜಗಳ ಎಂದೆ. ಅವಳು ಎದ್ದು ಟೀವಿ ಆರಿಸಿ, “ಹಸಿವಿಗೆ ಇವರ ಹೆಸರ ಗೊತ್ತಿರತೈತೇನವಾ?” ಎಂದಳು.

ಎರಡು ವಾರ ನಮ್ಮ ಮನೆಯ ಜೋಳದ ನುಚ್ಚು ಕುದಿಸಿ ಹಾಕಿದಳು. ಅಪ್ಪ ಮೊದಲು ಗೊಣಗಿದರು, ಆಮೇಲೆ ತಾವೇ ಒಂದು ಚೀಲ ಅಕ್ಕಿ ಹೊತ್ತು ತಂದರು. ಅದೂ ತೀರಿತು. ಆದರೂ ಮಕ್ಕಳು ಕೆಲವು ದಿನ ಖಾಲಿ ತಾಟು ಹಿಡಿದು ಬಂದು ಕೂತಿದ್ದು, ಎದ್ದು ಹೋಗುತ್ತಿದ್ದರು. ದೊಡ್ಡವ್ವ ಆ ಹೊತ್ತಿಗೆ ಬಾಗಿಲು ಹಾಕಿಕೊಂಡು ಒಳಗಿರುತ್ತಿದ್ದಳು. ಪಿಂಕಿ ಮತ್ತೆ ಕೆಂಪಿಗೆ ಇಳಿದಳು.

ಆಗಲೇ ನಾಗಪುರದ ಸದರ್‌ನ ಒಂದು ಬಂಗಲೆಯಲ್ಲಿ ಅಧಿವೇಶನದವರಿಗೆ ಮಧ್ಯಾಹ್ನದ ಊಟವಿದೆ, ಭಾಕ್ರಿ, ಅಂದರೆ ನಮ್ಮ ಜೋಳದ ರೊಟ್ಟಿ, ಬಡಿಯಲು ಹೆಂಗಸರು ಬೇಕು ಎಂದು ಒಬ್ಬ ಕಂತ್ರಾಟುದಾರ ಬಂದ. ಒಲೆ ಆರಿದ್ದ ಅಂಗನವಾಡಿಗಳ ಅಡುಗೆಯವರನ್ನೇ ಹುಡುಕಿ ಕರೆದೊಯ್ದ. ಭಾನುವಾರವಾದ್ದರಿಂದ ದೊಡ್ಡವ್ವನ ಜೊತೆ ನಾನೂ ಹೋದೆ. ಹುಲ್ಲಿನ ಮೇಲೆ ಬಿಳಿ ಬಟ್ಟೆ ಹಾಸಿದ ಮೇಜುಗಳು, ಖಾರದ ಮಟನ್ ರಸ್ಸಾ, ಬೆಳ್ಳಿ ಹಾಳೆ ಅಂಟಿಸಿದ ಕಿತ್ತಳೆ ಬರ್ಫಿ. ಟೀವಿಯಲ್ಲಿ ಕೂಗಾಡುತ್ತಿದ್ದ ಆ ಇಬ್ಬರು ಒಂದೇ ಮೇಜಿನಲ್ಲಿ ಕೂತಿದ್ದರು. ಒಬ್ಬ ಏನೋ ಹೇಳಿದ, ಇನ್ನೊಬ್ಬ ನಗುತ್ತ ತನ್ನ ತಟ್ಟೆಯ ಬರ್ಫಿ ಎತ್ತಿ ಅವನ ಬಾಯಿಗಿಟ್ಟ. ಅವರ ತುಟಿಯ ಮೇಲಿನ ಜಿಡ್ಡು ಬಿಸಿಲಿಗೆ ಹೊಳೆಯುತ್ತಿತ್ತು. ಮೇಜಿನ ಹಿಂದೆ ಎಂಜಲಿನ ಡ್ರಮ್ಮಿಗೆ ಇಡೀ ಇಡೀ ಭಾಕ್ರಿಗಳು ಬೀಳುತ್ತಿದ್ದವು. ದೊಡ್ಡವ್ವ ಬುಟ್ಟಿ ಹಿಡಿದು ಅವರ ಹತ್ತಿರ ಹೋಗಿ, ತನ್ನ ಹರಕು ಮರಾಠಿಯಲ್ಲಿ, ನಮ್ಮ ಮಕ್ಕಳಿಗೆ ಅಕ್ಕಿ ಬರದೇ ಒಂದೂವರೆ ತಿಂಗಳಾಯಿತು ಎಂದಳು. ಅವರಲ್ಲಿ ಹಿರಿಯನು ಕೈ ಮುಗಿದು, ಬಜೆಟ್ ಮಂಜೂರಾಗಲಿ ಆಜಿ, ಎಲ್ಲ ಸರಿಹೋಗುತ್ತದೆ ಎಂದ. ಮರುಕ್ಷಣವೇ, ಬಿಸಿಯದೊಂದು ಭಾಕ್ರಿ ಇದೆಯೇ ಎಂದು ಕೇಳಿದ. ಅವಳು ಕೊಟ್ಟಳು. ಕೊಟ್ಟು ಬಂದು ನಲ್ಲಿಯ ಕೆಳಗೆ ಕೈಯನ್ನು ಮಣ್ಣು ಹಚ್ಚಿ ಹಚ್ಚಿ ತೊಳೆದಳು, ಚರ್ಮ ಕೆಂಪಾಗುವವರೆಗೆ. ಅಲ್ಲಿ ನಮಗೆಂದು ತೆಗೆದಿಟ್ಟ ಊಟವನ್ನು ಇಬ್ಬರೂ ಮುಟ್ಟಲಿಲ್ಲ.

ಸಂಕ್ರಾಂತಿ ಆದಮೇಲೆ, ಬಜೆಟ್ ಇನ್ನೂ ಮಂಜೂರಾಗದಿದ್ದರೂ, ಅಕ್ಕಿಯ ಬದಲು ಹಿಟ್ಟಿನ ಪ್ಯಾಕೆಟ್ಟುಗಳು ಬಂದವು. ಮೇಲೆ ನಗುವ ಮುಖಂಡನ ಚಿತ್ರ, ಒಳಗೆ ಯಾವ ಗೋದಾಮಿನಲ್ಲಿ ಎಷ್ಟು ಕಾಲ ಬಿದ್ದಿತ್ತೋ ಎಂಬ ಮುಗ್ಗಿದ ಹಿಟ್ಟು. ದೊಡ್ಡವ್ವ ಒಂದನ್ನು ಹರಿದು ಮೊರಕ್ಕೆ ಸುರಿದಾಗ ಹುಳು ಹರಿದಾಡಿದವು. ಹಂಚಿ, ಫೋಟೋ ತೆಗೆಸಿ ಕಳಿಸಬೇಕು ಎಂದು ಸೂಪರ್‌ವೈಸರ್ ಮೇಡಂ ಹೇಳಿದರು. ಸಿಟ್ಟು ಬಂದಾಗ ದೊಡ್ಡವ್ವನಿಗೆ ಬೇರೆ ಭಾಷೆ ಬರುತ್ತಿರಲಿಲ್ಲ. “ದನದ ಮುಂದಿಟ್ರ ದನಾನೂ ಮೂಸಂಗಿಲ್ಲ. ನಾ ಕೊಡಂಗಿಲ್ಲ,” ಎಂದಳು. ಮಾತು ತಿಳಿಯದಿದ್ದರೂ ಮೇಡಂಗೆ ಅರ್ಥ ತಿಳಿಯಿತು. ನಾಳೆಯಿಂದ ಬರಬೇಡ ಎಂದು ಹೇಳಿ, ತಾವೇ ನಿಂತು ಹಂಚಿದರು.

ದೊಡ್ಡವ್ವ ಸುನಂದಾಳ ಗುಡಿಸಲಿಗೆ ಓಡಿದಳು, ಕೂಸಿಗೆ ಅದನ್ನು ಕೊಡಬೇಡ ಎಂದು ಹೇಳಲು. ಸುನಂದಾ ಆಗಲೇ ಕುದಿಸಿ ತಿನ್ನಿಸಿದ್ದಳು. ಮತ್ತೇನು ಕೊಡಲಿ ಕಾಕು, ಎಂದಳಂತೆ. ಮೂರು ದಿನ ಪಿಂಕಿಗೆ ವಾಂತಿ ಭೇದಿ ನಿಲ್ಲಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಆಟೋದಲ್ಲಿ ಕಾಮಠಿಯ ಆಸ್ಪತ್ರೆಗೆ ಹೊರಟರು. ನದಿಯ ಸೇತುವೆ ದಾಟುವಾಗ ದೊಡ್ಡವ್ವನ ಮಡಿಲಲ್ಲೇ ಪಿಂಕಿಯ ಉಸಿರು ನಿಂತಿತು. ಆಸ್ಪತ್ರೆಯ ಕಾಗದದಲ್ಲಿ ಸಾವಿಗೆ ಕಾರಣ ಜ್ವರ ಎಂದು ಬರೆದರು. ಸುನಂದಾ ಮತ್ತು ಅವಳ ಗಂಡ ಹೋಳಿಗೆ ಮುಂಚೆಯೇ ಗಂಟುಮೂಟೆ ಕಟ್ಟಿಕೊಂಡು ಬೇರೆ ಭಟ್ಟಿಗೆ ಹೋದರು.

ಬೇಸಿಗೆ ಶುರುವಾಗುವಾಗ ಬಜೆಟ್ ಮಂಜೂರಾಯಿತು. ಎರಡೂ ಬಣಗಳ ನಾಯಕರ ಹೆಸರನ್ನು ಅರ್ಧರ್ಧ ಸೇರಿಸಿ ಯೋಜನೆಗೆ ಇಟ್ಟರು. ಚೌಕದಲ್ಲಿ ಪಟಾಕಿ ಹಾರಿಸಿದರು. ನನಗಿನ್ನೂ ಆ ಹೆಸರನ್ನು ಬಾಯಿಬಿಟ್ಟು ಹೇಳಲಾಗುವುದಿಲ್ಲ. ನಾಲಿಗೆಯ ಮೇಲೆ ಹೇಸಿಗೆಯ ಹಾಗೆ ಕೂರುತ್ತದೆ.

ನಮ್ಮ ಮನೆ ಆಮೇಲೆ ರಸ್ತೆ ಅಗಲ ಮಾಡುವುದಕ್ಕೆ ಹೋಯಿತು, ಬೇವಿನ ಮರವೂ ಹೋಯಿತು. ದೊಡ್ಡವ್ವನಿಗೆ ಒಂದು ಚಾಳಿ ಮಾತ್ರ ಉಳಿಯಿತು. ಯಾವ ಮಗು ಹತ್ತಿರ ಬಂದರೂ ಅದರ ತೋಳನ್ನು ಹೆಬ್ಬೆರಳು ಮತ್ತು ನಡುಬೆರಳಿನಿಂದ ಸುತ್ತಿ ನೋಡುತ್ತಿದ್ದಳು. ಬೆರಳುಗಳು ಕೂಡಿದರೆ ಮುಖ ಬಾಡುತ್ತಿತ್ತು. ಕೊನೆಯ ದಿನಗಳಲ್ಲಿ ಅವಳಿಗೆ ಯಾರ ಗುರುತೂ ಹತ್ತುತ್ತಿರಲಿಲ್ಲ. ಹಾಸಿಗೆಯ ಪಕ್ಕ ಕೂತಿದ್ದ ನನ್ನ ತೋಳನ್ನು ತಡಕಿ ಹಿಡಿದಳು. ಮೂವತ್ತರ ಹತ್ತಿರದ ತುಂಬು ತೋಳು ನನ್ನದು. ಅವಳ ಒಣಗಿದ ಬೆರಳುಗಳು ಎಷ್ಟು ಎಳೆದರೂ ಒಂದನ್ನೊಂದು ಮುಟ್ಟಲಿಲ್ಲ. “ಚಲೋ ಆತು,” ಎಂದು ಕೈ ಬಿಟ್ಟಳು.