ಜಗಲಿ ಹೋಗಿ ಬೆಂಚು ಬಂತು

ಕಲೆಯ ವಿಷಯದಲ್ಲಿ ನಾನು ದಡ್ಡ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಶ್ರೀರಂಗಪಟ್ಟಣದ ಕೋಟೆಯೊಳಗಿನ ಹಳೆಯ ಕಚೇರಿ ಕಟ್ಟಡ ರಾಷ್ಟ್ರೀಯ ಕಲಾ ಸಂಗ್ರಹಾಲಯವಾಗುತ್ತದೆ ಎಂದಾಗ ಊರೆಲ್ಲ ಹಿಗ್ಗಿತು. ನಾನೂ ಬೋರೇಗೌಡನೂ ಮಾತ್ರ ಹಿಗ್ಗಲಿಲ್ಲ. ಆ ಕಟ್ಟಡದ ಜಗಲಿ ನಮ್ಮದು. ಯಾರೂ ಬರೆದುಕೊಟ್ಟದ್ದಲ್ಲ, ಕೂತು ಕೂತು ನಮ್ಮದಾದದ್ದು.

ಬೋರೇಗೌಡ ನನ್ನ ಜೊತೆ ಶಾಲೆ ಓದಿದವನು, ಈಗ ಹಸು ಕಟ್ಟಿಕೊಂಡಿದ್ದಾನೆ. ಮಧ್ಯಾಹ್ನ ಉಂಡು ಬಂದರೆ ಸಂಜೆ ಹಾಲು ಕರೆಯುವ ಹೊತ್ತಿನವರೆಗೂ ನಾವು ಅಲ್ಲೇ. ಅವನ ಮಂಡಿಗೆ ನಿಲ್ಲುವುದೆಂದರೆ ಆಗದು. ಮನೆಯಲ್ಲಿ ಕೂರೋಣವೆಂದರೆ, ನಮ್ಮ ಮಾತಿಗೆಲ್ಲ ಹೆಂಡತಿಯರು ತಿದ್ದುಪಡಿ ಸೂಚಿಸುತ್ತಾರೆ.

ಉದ್ಘಾಟನೆಯ ದಿನ ಜಗಲಿಗೆ ಹಗ್ಗ ಬಿಗಿದಿದ್ದರು. ಇನ್ನು ಗೌಡನನ್ನು ಕಾಣುವುದು ಮದುವೆಮನೆಗಳಲ್ಲೇ ಎಂದು ನನಗೆ ನಿಜಕ್ಕೂ ದುಃಖವಾಯಿತು. ಗೌಡ ಕಾವಲಿನವನನ್ನೇ ಕೇಳಿದ: "ನಾವೆಲ್ಲಿ ಕುಂತ್ಕಳಾದ್ಲಾ ಮಗ?"

"ಒಳಗ್ ಬೆಂಚೈತೆ ಗೌಡ್ರೆ. ಫ್ಯಾನೂ ಐತೆ."

ಹೀಗೆ ನಾವು ಕಲಾಪ್ರೇಮಿಗಳಾದೆವು. ಬೆಂಚಿನ ಎದುರಿಗೆ ಆಳೆತ್ತರದ ಚಿತ್ರ. ಪೂರಾ ಕೆಂಪು, ಮೂಲೆಯಲ್ಲೊಂದು ಬಿಳಿ ಚುಕ್ಕೆ. "ಬಣ್ಣ ಬಳಿಯೋನು ಅರ್ಧಕ್ಕೇ ಎದ್ದೋಗವ್ನೆ ಕಣ್ಲಾ" ಎಂದ ಗೌಡ. ಹೊಸಹೊಳಲಿನ ಹೊಯ್ಸಳ ಗುಡಿಯಲ್ಲಿ ಶಿಲ್ಪಿ ಅಂಗುಲ ಕಲ್ಲನ್ನೂ ಸುಮ್ಮನೆ ಬಿಟ್ಟಿಲ್ಲ. ಈತ ಇಷ್ಟಗಲ ಬಟ್ಟೆಯನ್ನು ಸುಮ್ಮನೆ ಬಿಟ್ಟಿದ್ದಾನೆ. ಕಾವ್ಯಕ್ಕೆ, ಕಲೆಗೆ ಸಹೃದಯ ಬೇಕೆಂದು ನಮ್ಮ ಅಲಂಕಾರ ಶಾಸ್ತ್ರದವರು ವಿಧವಿಧವಾಗಿ ಹೇಳಿದರು. ಸಹೃದಯನಿಗೆ ಫ್ಯಾನು ಬೇಕೆಂದು ಒಬ್ಬರೂ ಹೇಳಲಿಲ್ಲ.

ದಿನವೂ ಕೂರುವ ನಮ್ಮನ್ನು ಪಂಡಿತರೆಂದು ತಿಳಿದು ಕಾಲೇಜು ಹುಡುಗಿಯೊಬ್ಬಳು ಚಿತ್ರದ ಅರ್ಥ ಕೇಳಿದಳು. ನಾನು ಗಂಭೀರವಾಗಿ ಕೆಮ್ಮಿದೆ. ಗೌಡ, "ನಾವೂ ಅದ್ನೇ ನೋಡ್ತಾ ಕುಂತಿವಿ ಕಣವ್ವ" ಎಂದುಬಿಟ್ಟ. ಅವಳು ನಕ್ಕು, ತಾನೂ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು ಹೋದಳು.

ಕಳೆದ ವಾರ ಹೋದರೆ ಎದುರಿನ ಗೋಡೆಯ ಮೇಲೆ ಬೇರೆ ಚಿತ್ರ! ಜೋಡಿ ಎತ್ತು, ನೇಗಿಲು, ಹಿಂದೆ ಬೆಟ್ಟ. ಕಣ್ಣು ಬಿಟ್ಟರೆ ಸಾಕು, ಅರ್ಥವಾಗುವಂಥದ್ದು. ನಮ್ಮ ಕೆಂಪು ಚಿತ್ರವನ್ನು ಹಿಂದಿನ ಕೋಣೆಗೆ ಸಾಗಿಸಿದ್ದರು. ಅಲ್ಲಿ ಬೆಂಚೂ ಇಲ್ಲ, ಫ್ಯಾನೂ ಇಲ್ಲ. ನಾನು ಎಂದಿನಂತೆ ಆರಾಮವಾಗಿ ಕೂತೆ. ಗೌಡನೂ ಕೂತ, ಎತ್ತುಗಳನ್ನು ನೋಡಿದ, ಚಡಪಡಿಸಿದ, ಕೊನೆಗೆ ಮಂಡಿ ಹಿಡಿದುಕೊಂಡು ಎದ್ದೇಬಿಟ್ಟ.

"ಎಲ್ಲಿಗೋ?" ಎಂದೆ.

"ಏಳ್ಲಾ, ವಸಿ ಒತ್ತು ಅಲ್ಲೇ ನಿಂತ್ಕಂಡು ಮಾತಾಡಾವ. ಪಾಪ, ಆ ಕೆಂಪುದು ಒಂದೇ ಆಗೋಗೈತೆ."